ಫರ್ಸಿ ಕೆಳಗಿನ ಏಡಿಯ ನೆಂಟ

ಕಲಬುರಗಿ ಜಿಲ್ಲೆಯ ಕುಂಚಾವರಂ ಕಡೆಯ ಹಿತ್ತಲುಗಳಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಒಂದು ಫರ್ಸಿ ಕಲ್ಲು ಬಿದ್ದಿರುತ್ತದೆ. ಬಟ್ಟೆ ಒಗೆಯಲೋ, ಕೊಡ ಇಡಲೋ ಯಾವಾಗಲೋ ತಂದು ಹಾಕಿದ್ದು. ಮಿರಗದ ಮಳೆ ಒಂದೆರಡು ಸಲ ಸುರಿದ ಮೇಲೆ ಅದರ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ತಂಪು ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಎರೆಹುಳ ಒಳಗೆ ಸರಿದುಕೊಳ್ಳುತ್ತದೆ. ಅದರ ಪಕ್ಕದಲ್ಲಿ ಬೂದುಬಣ್ಣದ, ಬೆನ್ನ ಮೇಲೆ ಹೆಂಚು ಹೊದಿಸಿದಂತಿರುವ ಪುಟ್ಟ ಹುಳಗಳು ಬೆಳಕು ಕಂಡು ಗಾಬರಿಯಿಂದ ಓಡುತ್ತವೆ. ಒಂದೆರಡು ಓಡುವುದಿಲ್ಲ. ಇದ್ದಲ್ಲೇ ಮುದುಡಿ ತೊಗರಿಕಾಳಿನಂತೆ ಗುಂಡಗಾಗಿ ಸುಮ್ಮನೆ ಬಿದ್ದುಕೊಳ್ಳುತ್ತವೆ.

“ಅವ್ವಾ, ಇಲ್ನೋಡು, ಹುಳ ಗುಂಡಗ ಆತು!”

“ಅದನ್ಯಾಕ ಮುಟ್ಟತಿ? ಮೊದಲ ಕೈ ತೊಳಕೊ.”

“ಡಬ್ಬಿದಾಗ ಹಾಕಿ ಸಾಕ್ಲ್ಯಾ?”

“ಹುಳ ಸಾಕತಾರೇನೋ ಯಾರರ!”

ಸಾಕುತ್ತಾರೆ. ಜಪಾನಿನಲ್ಲಿ ಪುಟ್ಟ ಮಕ್ಕಳು ಸಾಕುತ್ತಾರೆ, ಜರ್ಮನಿ, ಅಮೆರಿಕಗಳಲ್ಲಿ ದೊಡ್ಡವರೂ ಸಾಕುತ್ತಾರೆ. ಜಪಾನೀಯರು ಇದನ್ನು ‘ದಂಗೊಮುಶಿ’ ಎನ್ನುತ್ತಾರೆ. ದಂಗೊ ಎಂದರೆ ಅಕ್ಕಿಹಿಟ್ಟಿನ ಉಂಡೆ, ಮುಶಿ ಎಂದರೆ ಹುಳ. ನಾವೂ ಇಲ್ಲಿ ಉಂಡೆಹುಳ ಎಂದೇ ಕರೆಯೋಣ. ವಿಜ್ಞಾನಿಗಳ ಹೆಸರು ಐಸೊಪಾಡ್. ಗ್ರೀಕ್ ಭಾಷೆಯಲ್ಲಿ ಐಸೊ ಎಂದರೆ ಸಮ, ಪಾಡ್ ಎಂದರೆ ಕಾಲು. ಕಾಲುಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ ಆ ಹೆಸರು. ಈ ಬಳಗದಲ್ಲಿ ಒಂದು ಕುಲಕ್ಕೆ ‘ಪೊರ್ಸೆಲಿಯೊ’ ಎಂಬ ಹೆಸರಿದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಹಂದಿಮರಿ ಎಂದರ್ಥ. ಇನ್ನೊಂದರ ಹೆಸರು ‘ಓನಿಸ್ಕಸ್’, ಅಂದರೆ ಕತ್ತೆಮರಿ. ಹೆಸರಿಟ್ಟ ಪಂಡಿತರಿಗೂ ಈ ಹುಳ ಕಂಡರೆ ನಗು ಬಂದಿರಬೇಕು.

ಈಗ ಕಾಲು ಎಣಿಸಿ. ಅಂಗೈ ಮೇಲೆ ಬಿಟ್ಟುಕೊಂಡರೆ ಕಚಗುಳಿಯಾಗುತ್ತದೆಯೇ ಹೊರತು ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಒಟ್ಟು 14. ನೊಣ, ಇರುವೆ, ಜಿರಲೆಗಳಿಗೆ ಆರೇ ಕಾಲು. ಜೇಡ, ಚೇಳುಗಳಿಗೆ ಎಂಟು. ಹಾಗಾದರೆ ಇದು ಕೀಟವಲ್ಲ, ಜೇಡವೂ ಅಲ್ಲ. ಮತ್ತೇನು?

ಏಡಿಯ ನೆಂಟ. ಸೀಗಡಿಯ ನೆಂಟ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಕಲ್ಲಿನ ಸಂದಿಗೆ ನುಸುಳುವ ಏಡಿಯನ್ನು ನೋಡಿದ್ದೀರಲ್ಲ, ಅದರ ವಂಶ ಮತ್ತು ನಿಮ್ಮ ಫರ್ಸಿಯ ಕೆಳಗಿನ ಈ ಪುಟಾಣಿಯ ವಂಶ ಒಂದೇ. ಐಸೊಪಾಡ್‌ಗಳು ಮೂಲತಃ ಸಮುದ್ರದವು. ಈಗಲೂ ಅವುಗಳಲ್ಲಿ ಬಹಳಷ್ಟು ನೀರಿನಲ್ಲೇ ಇವೆ. ಒಂದು ಕವಲು ಮಾತ್ರ ಬಹಳ ಹಿಂದೆ ದಡ ಹತ್ತಿ, ಎಲೆಯ ಕೆಳಗೆ, ಕಲ್ಲಿನ ಕೆಳಗೆ ಸಂಸಾರ ಹೂಡಿತು. ನೆಲದ ಮೇಲೆ ಬದುಕುವ ಇವುಗಳಲ್ಲಿ ವಿಜ್ಞಾನಿಗಳು ಇದುವರೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ಏಡಿಗಳೂ ದಡಕ್ಕೆ ಬರುತ್ತವೆ, ನಿಜ. ಆದರೆ ಇಡೀ ಬಾಳನ್ನೇ ನೆಲದ ಮೇಲೆ ಕಟ್ಟಿಕೊಳ್ಳುವುದರಲ್ಲಿ ಆ ಬಳಗದಲ್ಲಿ ಇವುಗಳಷ್ಟು ಗೆದ್ದವರು ಇನ್ನೊಬ್ಬರಿಲ್ಲ.

ಸಮುದ್ರದಲ್ಲೇ ಉಳಿದ ದಾಯಾದಿಗಳಲ್ಲಿ ಒಂದು ಆಳಸಾಗರದ ದೈತ್ಯ ಐಸೊಪಾಡ್. ಒಂದಡಿಗೂ ಮೀರಿ ಬೆಳೆಯುತ್ತದೆ. ಜಪಾನಿನ ತೋಬಾ ಮತ್ಸ್ಯಾಲಯದಲ್ಲಿ ಇಂಥದ್ದೊಂದನ್ನು ಸಾಕಿದ್ದರು. 2009ರ ಜನವರಿಯಲ್ಲಿ ಒಂದು ಮೀನು ತಿಂದದ್ದೇ ಕೊನೆ, ಆಮೇಲೆ ಊಟ ಮುಟ್ಟಲಿಲ್ಲ. ಹಾಗೇ ಐದು ವರ್ಷ ಬದುಕಿ 2014ರ ಫೆಬ್ರವರಿಯಲ್ಲಿ ಸತ್ತಿತು. ಊಟಕ್ಕೆ ಬಾ ಎಂದು ಅವ್ವ ಮೂರು ಸಲ ಕರೆದರೂ ಏಳದವರು ಈ ಕತೆಯನ್ನು ಮನೆಯಲ್ಲಿ ಹೇಳದಿರುವುದು ಒಳ್ಳೆಯದು.

ಸಮುದ್ರ ಬಿಟ್ಟು ಬಂದರೂ ಸಮುದ್ರದ ಋಣ ತೀರಿಲ್ಲ. ಉಂಡೆಹುಳವನ್ನು ಅಂಗಾತ ಮಾಡಿ, ಭೂತಗನ್ನಡಿ ಹಿಡಿದು ಹೊಟ್ಟೆಯ ಹಿಂಭಾಗ ನೋಡಿ. ಚಿಕ್ಕ ಚಿಕ್ಕ ತೆಳು ಹಾಳೆಗಳು ಒಂದರ ಮೇಲೊಂದು ಮುಚ್ಚಿಕೊಂಡಿರುತ್ತವೆ. ಅದೇ ಅದರ ಉಸಿರಾಟದ ಅಂಗ, ಹಳೆಯ ಕಿವಿರುಗಳ ಉಳಿಕೆ. ಕೆಲವು ಜಾತಿಗಳಲ್ಲಿ ಅಲ್ಲಿ ಎರಡು ಜೋಡಿ ಬಿಳಿ ಮಚ್ಚೆ ಕಾಣುತ್ತದೆ. ಅದು ಗಾಳಿ ತುಂಬಿಕೊಳ್ಳುವ ಪುಟ್ಟ ಪುಪ್ಪುಸ. ಈ ಹಾಳೆಗಳ ಮೇಲೆ ಸದಾ ತೇವದ ಪದರ ಇರಬೇಕು. ತೇವ ಆರಿತೋ, ಉಸಿರು ಕಟ್ಟಿತು. ಅದಕ್ಕೇ ಈ ಹುಳ ಹಗಲೆಲ್ಲ ಕಲ್ಲಿನ ಕೆಳಗೆ ಅಡಗಿ, ರಾತ್ರಿ ಹೊರಬರುತ್ತದೆ. ನೀರು ಕುಡಿಯುವ ರೀತಿಯೂ ವಿಚಿತ್ರ. ಬಾಯಿಂದಲೂ ಕುಡಿಯುತ್ತದೆ, ಬಾಲದ ಹತ್ತಿರದ ಎರಡು ಮೊನೆಗಳನ್ನು ತೇವಕ್ಕೆ ಅದ್ದಿ ಹಿಂದಿನಿಂದಲೂ ಎಳೆದುಕೊಳ್ಳುತ್ತದೆ.

ಇಂಥದ್ದು ನಮ್ಮ ಬಿಸಿಲ ಸೀಮೆಯಲ್ಲಿ ಹೇಗೆ ಬಾಳುತ್ತದೆ? ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಸೇಡಂ, ಚಿತ್ತಾಪುರದ ಕರಿನೆಲ ಅಂಗೈಯಗಲ ಬಿರುಕು ಬಿಡುತ್ತದೆ. ಆಗ ಉಂಡೆಹುಳ ಆ ಬಿರುಕಿನೊಳಗೇ ಇಳಿದು, ತಂಪು ಸಿಕ್ಕುವಷ್ಟು ಆಳಕ್ಕೆ ಹೋಗುತ್ತದೆ. ಹತ್ತಿಪ್ಪತ್ತು ಹುಳ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಗುಂಪಿನಲ್ಲಿದ್ದರೆ ಮೈಯ ತೇವ ನಿಧಾನ ಆರುತ್ತದೆ. ಇವುಗಳ ಬಳಗದಲ್ಲಿ ಮರುಭೂಮಿಗೇ ಹೋಗಿ ನೆಲೆಸಿದ ಗಟ್ಟಿಗರೂ ಇದ್ದಾರೆ. ಉತ್ತರ ಆಫ್ರಿಕಾ, ಇಸ್ರೇಲ್‌ಗಳ ಮರುಭೂಮಿಯ ‘ಹೆಮಿಲೆಪಿಸ್ಟಸ್’ ಎಂಬುದು ಗಂಡು ಹೆಣ್ಣು ಸೇರಿ ಆಳದ ಬಿಲ ತೋಡಿ, ಬಾಗಿಲಲ್ಲಿ ಸರದಿಯ ಮೇಲೆ ಕಾವಲು ಕೂರುತ್ತದೆ. ಒಂದೊಂದು ಮನೆಯವರಿಗೆ ಒಂದೊಂದು ಮೈವಾಸನೆ. ವಾಸನೆ ಹೊಂದಿದರಷ್ಟೇ ಒಳಗೆ ಪ್ರವೇಶ. ಲಿನ್ಸೆನ್ಮೈರ್ ಎಂಬ ಜರ್ಮನ್ ವಿಜ್ಞಾನಿ ಇವುಗಳ ಸಂಸಾರವನ್ನು ವರ್ಷಗಟ್ಟಲೆ ಕೂತು ನೋಡಿ ಇದನ್ನೆಲ್ಲ ಕಂಡುಕೊಂಡರು.

ಸಾಕುವ ಮಾತಿಗೆ ಬರೋಣ. ಮೊದಲು ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು ಎಂಬುದು ಗೊತ್ತಿರಲಿ. ಕುಂಚಾವರಂ ಸುತ್ತಲ ಕಾಡು 2011ರಿಂದ ಚಿಂಚೋಳಿ ವನ್ಯಜೀವಿಧಾಮ. ಸುಮಾರು 135 ಚದರ ಕಿಲೋಮೀಟರ್. ಬಯಲುಸೀಮೆಯ ಒಣ ನೆಲದಲ್ಲಿ ಇಂಥ ಕಾಡು ಉಳಿದಿರುವುದೇ ದೊಡ್ಡದು. ವನ್ಯಜೀವಿಧಾಮದೊಳಗಿಂದ ಹುಲಿಯನ್ನಷ್ಟೇ ಅಲ್ಲ, ಹುಳವನ್ನೂ ತರುವಂತಿಲ್ಲ. ಕೊಳೆತ ಎಲೆ, ಮರದ ತುಂಡುಗಳನ್ನೂ ಅಷ್ಟೇ. ಅಲ್ಲಿನ ಎತ್ತಿಪೋತ ಜಲಪಾತಕ್ಕೆ ಹೋದಾಗ ಕಲ್ಲು ಮಗುಚುವ ಆಸೆಯನ್ನು ಅಲ್ಲೇ ಬಿಟ್ಟು ಬನ್ನಿ. ನಿಮ್ಮ ಹಿತ್ತಲು, ಶಾಲೆಯ ಕೈತೋಟ, ತಿಪ್ಪೆಯ ಅಂಚು, ಹೂಕುಂಡದ ಅಡಿ, ಇಷ್ಟು ಜಾಗ ಸಾಕು.

ಇನ್ನೊಂದು ಎಚ್ಚರಿಕೆ. ಈ ಸೀಮೆಯಲ್ಲಿ ಕಲ್ಲಿನ ಕೆಳಗೆ ಉಂಡೆಹುಳಕ್ಕಿಂತ ಮೊದಲು ಚೇಳು ಸಿಕ್ಕೀತು. ಪಕ್ಕದ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿ ದಿನ ಬೆಟ್ಟದ ಕಲ್ಲುಗಳನ್ನು ಎತ್ತಿ ಚೇಳು ಹಿಡಿದು ಮೈಮೇಲೆ ಬಿಟ್ಟುಕೊಳ್ಳುವವರಿದ್ದಾರೆ. ಅದು ಅವರ ಹಬ್ಬ, ನಿಮ್ಮ ಪಾಠವಲ್ಲ. ದೊಡ್ಡವರೊಬ್ಬರನ್ನು ಜತೆಗೆ ಕರೆದುಕೊಳ್ಳಿ. ಕೋಲಿನಿಂದ ಕಲ್ಲಿನ ಆಚೆಯ ಅಂಚನ್ನು ಎತ್ತಿ ನಿಮ್ಮ ಕಡೆಗೆ ವಾಲಿಸಿ. ಆಗ ಒಳಗಿದ್ದದ್ದು ಹೊರಬಂದರೂ ನಿಮ್ಮಿಂದ ಆಚೆಗೆ ಹೋಗುತ್ತದೆ. ಬರಿಗೈಯನ್ನು ಮಾತ್ರ ಕಲ್ಲಿನ ಅಡಿಗೆ ಹಾಕಬೇಡಿ.

ಹತ್ತು ಹನ್ನೆರಡು ಹುಳ ಸಾಕು. ಪೇಂಟು ಕುಂಚದಿಂದಲೋ ಒಣ ಎಲೆಯಿಂದಲೋ ಡಬ್ಬಿಗೆ ಸರಿಸಿಕೊಳ್ಳಿ. ನಿಮಗೆ ಎರಡು ಬಗೆಯವು ಸಿಗಬಹುದು. ಬೂದಿ ಬಳಿದುಕೊಂಡಂತೆ ಕಾಣುವ, ಮುಟ್ಟಿದರೆ ಸರ್ರನೆ ಓಡುವ ಒಂದು ಬಗೆ. ಮುಟ್ಟಿದರೆ ಮುದುಡುವ ಇನ್ನೊಂದು ಬಗೆ. ಓಡುವವು ಹಗುರ, ಕಾಲು ಉದ್ದ. ಮುದುಡುವವು ಭಾರ, ಬೆನ್ನು ಕಮಾನು. ಓಡಲಾರದವನು ಗಟ್ಟಿ ಕವಚ ತೊಡಬೇಕು ತಾನೇ? ಕೊಡಗು, ದಕ್ಷಿಣ ಕನ್ನಡದ ಕಡೆ ಹೋದವರು ಗೋಲಿಗಿಂತ ದೊಡ್ಡದಾಗಿ ಉಂಡೆಯಾಗುವ ಹುಳ ನೋಡಿದ್ದರೆ ಅದನ್ನು ಇದರ ಅಣ್ಣ ಎಂದುಕೊಳ್ಳಬೇಡಿ. ಅದು ಶತಪದಿ ಸಹಸ್ರಪದಿಗಳ ಮನೆತನದ್ದು. ಬಿಚ್ಚಿಕೊಂಡಾಗ ಕಾಲು ಎಣಿಸಿದರೆ ಗುಟ್ಟು ರಟ್ಟಾಗುತ್ತದೆ, 14ಕ್ಕಿಂತ ಎಷ್ಟೋ ಹೆಚ್ಚು. ಉಂಡೆಯಾಗುವ ಉಪಾಯವನ್ನು ಎರಡು ಮನೆತನಗಳು ಒಂದನ್ನೊಂದು ಕೇಳದೆಯೇ ಕಂಡುಹಿಡಿದುಕೊಂಡಿವೆ.

ಡಬ್ಬಿ ಯಾವುದಾದರೂ ಆದೀತು. ಐಸ್‌ಕ್ರೀಮಿನ ಖಾಲಿ ಡಬ್ಬಿ, ಮಿಠಾಯಿ ಡಬ್ಬಿ. ನಯವಾದ ಪ್ಲಾಸ್ಟಿಕ್ ಗೋಡೆಯನ್ನು ಇವು ಹತ್ತಲಾರವು. ಮುಚ್ಚಳದಲ್ಲಿ ದಬ್ಬಣದಿಂದ ಹತ್ತಿಪ್ಪತ್ತು ತೂತು. ತಳದಲ್ಲಿ ಮೂರು ಬೆರಳು ಮಣ್ಣು, ಅದರಲ್ಲಿ ಅರ್ಧ ತೆಂಗಿನ ನಾರಿನ ಪುಡಿಯೋ ಹಳೆಯ ಎಲೆಗೊಬ್ಬರವೋ ಬೆರೆತಿರಲಿ. ಮೇಲೆ ಒಣ ಎಲೆ, ಕೊಳೆತ ಕಟ್ಟಿಗೆಯ ಒಂದು ತುಂಡು, ತೊಗಟೆಯ ಒಂದು ಚೂರು. ಎಲೆಯಲ್ಲಿ ಆಯ್ಕೆ ಇರಲಿ. ಮಾವು, ಹಲಸು, ತೇಗ, ಬಾದಾಮಿ ಗಿಡದ ಉದುರಿದ ಎಲೆ ಸೈ. ಬೇವಿನೆಲೆ ಬೇಡ. ಕಾಳಿಗೆ ಹುಳ ಹಿಡಿಯದಿರಲಿ ಎಂದು ಅಜ್ಜಿ ಡಬ್ಬಿಗೆ ಹಾಕುವುದು ಅದನ್ನೇ ಅಲ್ಲವೇ? ಔಷಧ ಹೊಡೆದ ತೊಗರಿ, ಹತ್ತಿ ಹೊಲದ ಎಲೆಯೂ ಬೇಡ.

ನೀರು ಹಾಕುವುದರಲ್ಲೇ ಸಾಕುವವರ ಜಾಣತನವೆಲ್ಲ ಇದೆ. ಡಬ್ಬಿಯ ಒಂದು ಮೂಲೆ ಮಾತ್ರ ಹಸಿ ಇರಬೇಕು. ಇನ್ನೊಂದು ತುದಿ ಒಣಗಿರಬೇಕು. ಹಸಿ ಎಷ್ಟು ಬೇಕು, ಒಣ ಎಷ್ಟು ಬೇಕು ಎಂಬುದನ್ನು ಹುಳವೇ ನಡೆದುಹೋಗಿ ಆರಿಸಿಕೊಳ್ಳುತ್ತದೆ. ನಾನು ಮೊದಲ ಸಲ ಸಾಕಿದಾಗ ಇದು ಗೊತ್ತಿರಲಿಲ್ಲ. ಏಡಿಯ ನೆಂಟ ಎಂದು ಓದಿದ್ದೆನಲ್ಲ, ಪ್ರೀತಿಯಿಂದ ಎರಡು ಲೋಟ ನೀರು ಸುರಿದೆ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಕೆಟ್ಟ ವಾಸನೆ. ಹನ್ನೆರಡರಲ್ಲಿ ಎಂಟು ಸತ್ತಿದ್ದವು. ಉಳಿದ ನಾಲ್ಕು ಕಟ್ಟಿಗೆಯ ತುದಿ ಹತ್ತಿ ಕೂತಿದ್ದವು. ನೆಲಕ್ಕೆ ಬಂದು ಕೋಟ್ಯಂತರ ವರ್ಷವಾದ ಮೇಲೆ ಅವುಗಳ ಕಿವಿರು ತೇವಗಾಳಿಗೆ ಒಗ್ಗಿದೆ, ನೀರಿನಲ್ಲಿ ಮುಳುಗಿದರೆ ಅವೂ ಸಾಯುತ್ತವೆ. ಬಟ್ಟೆಯನ್ನು ಹಿಂಡಿದ ಮೇಲೂ ಉಳಿಯುತ್ತದಲ್ಲ, ಅಷ್ಟು ತೇವ ಸಾಕು. ನಲ್ಲಿ ನೀರಾದರೆ ಒಂದು ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು, ಮರುದಿನ ಚಿಮುಕಿಸಿ. ಬೇಸಿಗೆಯಲ್ಲಿ ಡಬ್ಬಿಯನ್ನು ತಗಡಿನ ಸೂರಿನ ಕೆಳಗಿಡದೆ, ಒಳಮನೆಯಲ್ಲಿ ನೀರಿನ ಹರವಿಯ ಪಕ್ಕಕ್ಕಿಟ್ಟು, ಸುತ್ತ ಒದ್ದೆ ಗೋಣಿತಟ್ಟು ಹೊದಿಸಿ.

ಊಟದ ಚಿಂತೆ ಇಲ್ಲ. ಒಣ ಎಲೆಯೇ ಅನ್ನ. ವಾರಕ್ಕೊಂದು ಸಲ ಸೌತೆಕಾಯಿಯದೋ ಕುಂಬಳಕಾಯಿಯದೋ ಒಂದು ಬಿಲ್ಲೆ, ಎಂದಾದರೂ ಒಣಮೀನಿನ ಚಿಟಿಕೆ. ಉಳಿದದ್ದನ್ನು ಮರುದಿನ ತೆಗೆಯಿರಿ, ಬೂಜು ಹಿಡಿಯುತ್ತದೆ. ಇವು ತಮ್ಮ ಹಿಕ್ಕೆಯನ್ನೂ ತಿನ್ನುತ್ತವೆ. ಛೀ ಅನ್ನಬೇಡಿ. ಒಂದು ಸಲ ತಿಂದಾಗ ಎಲೆಯ ಸತ್ವವೆಲ್ಲ ಸಿಕ್ಕಿರುವುದಿಲ್ಲ. ಹಿಕ್ಕೆಯ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಅದನ್ನು ಇನ್ನಷ್ಟು ಮೆತ್ತಗೆ ಮಾಡುತ್ತವೆ, ಎರಡನೇ ಪಂಕ್ತಿಗೆ ಅದು ಬರುತ್ತದೆ. ಅದರಲ್ಲಿರುವ ತಾಮ್ರವೂ ಇವುಗಳಿಗೆ ಬೇಕು. ನಮ್ಮ ರಕ್ತಕ್ಕೆ ಕಬ್ಬಿಣ ಇದ್ದಂತೆ ಇವುಗಳ ರಕ್ತಕ್ಕೆ ತಾಮ್ರ. ಏಡಿಗೂ ಹಾಗೇ. ಇನ್ನು ಮೂತ್ರ? ಅದನ್ನು ಇವು ನಮ್ಮಂತೆ ಹೊಯ್ಯುವುದಿಲ್ಲ. ಮೈಯ ಕಶ್ಮಲವನ್ನು ಹೆಚ್ಚಾಗಿ ಅಮೋನಿಯ ಗಾಳಿಯಾಗಿ ಹೊರಗೆ ಬಿಡುತ್ತವೆ. ಹಾಗಾಗಿ ಡಬ್ಬಿಗೆ ತೂತು ಇರಲೇಬೇಕು.

ನಮ್ಮ ಸೀಮೆಯ ಮಕ್ಕಳಿಗೆ ಉಳಿದೆಲ್ಲ ಊರಿನವರಿಗಿಂತ ಸಲೀಸಾಗಿ ಸಿಗುವ ಸಾಮಾನು ಒಂದಿದೆ. ಅದೇ ಫರ್ಸಿ ಚೂರು. ಶಹಾಬಾದಿ ಕಲ್ಲು ಎಂದು ಇಡೀ ದೇಶದಲ್ಲಿ ಹೆಸರಾದ ಈ ಹಾಸುಗಲ್ಲು ಅಸಲಿಗೆ ಸುಣ್ಣಕಲ್ಲು. ವಾಡಿ, ಸೇಡಂ, ಶಹಾಬಾದ್, ಚಿತ್ತಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದದ್ದೂ ಇದೇ ಕಲ್ಲನ್ನು ನಂಬಿ. ಕಲ್ಲನ್ನು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಎರಡು ಹನಿ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮೊಟ್ಟೆಯ ಸಿಪ್ಪೆಯ ಪುಡಿಯ ಮೇಲೂ ಹೀಗೇ ಮಾಡಿ. ಅಲ್ಲೂ ಗುಳ್ಳೆ. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಒಂದೇ ವಸ್ತು. ಹುಳಿ ತಾಗಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಉಂಡೆಹುಳದ ಬೆನ್ನಿನ ಹೆಂಚುಗಳು ಗಟ್ಟಿಯಾಗಿರುವುದೂ ಅದೇ ವಸ್ತುವಿನಿಂದ.

ಈಗ ಸ್ವಲ್ಪ ಯೋಚಿಸಿ. ಡೈನೋಸಾರ್‌ಗಳು ಹುಟ್ಟುವುದಕ್ಕೂ ಎಷ್ಟೋ ಕೋಟಿ ವರ್ಷ ಮೊದಲು ಸೇಡಂ, ಶಹಾಬಾದ್ ಇರುವ ಜಾಗದಲ್ಲಿ ಸಮುದ್ರವಿತ್ತು. ಆ ನೀರಿನ ಸುಣ್ಣ ತಳಕ್ಕೆ ಕೂತು, ಪದರ ಪದರವಾಗಿ ಗಟ್ಟಿಯಾಗಿ ಫರ್ಸಿಯಾಯಿತು. ಅದಕ್ಕೇ ಅದು ಹಾಳೆ ಹಾಳೆಯಾಗಿ ಏಳುತ್ತದೆ. ಸಮುದ್ರದಿಂದ ಬಂದ ಕಲ್ಲು ಮೇಲೆ, ಸಮುದ್ರದಿಂದ ಬಂದ ಹುಳ ಕೆಳಗೆ. ಸಮುದ್ರ ಮಾತ್ರ ಈಗ ನೂರಾರು ಕಿಲೋಮೀಟರ್ ದೂರ! ನನಗೆ ಈ ಹುಳದ ಮೇಲೆ ಪ್ರೀತಿ ಹುಟ್ಟಿದ್ದೇ ಇದು ಹೊಳೆದ ದಿನ. ಥಾಯ್ಲೆಂಡಿನ ಸುಣ್ಣಕಲ್ಲಿನ ಗುಹೆಗಳಿಂದ ಬಂದ, ಬಾತುಕೋಳಿ ಬೊಂಬೆಯಂಥ ಮುಖದ ಒಂದು ಉಂಡೆಹುಳಕ್ಕೆ ಹೊರದೇಶಗಳಲ್ಲಿ ಹವ್ಯಾಸಿಗಳು ವಿಪರೀತ ದುಡ್ಡು ಕೊಡುತ್ತಾರೆ. ಕೊಡಲಿ ಬಿಡಿ. ನಮ್ಮ ಫರ್ಸಿಯ ಕೆಳಗಿನದು ಪುಕ್ಕಟೆ. ಹೊರದೇಶದ್ದನ್ನು ತಂದು ಸಾಕುವುದು ಒಳ್ಳೆಯದೂ ಅಲ್ಲ, ಡಬ್ಬಿಯಿಂದ ತಪ್ಪಿಸಿಕೊಂಡರೆ ಇಲ್ಲಿನವುಗಳ ಜಾಗ ಹಿಡಿದೀತು.

ಡಬ್ಬಿಯೊಳಗೆ ಒಂದು ಫರ್ಸಿ ಚೂರನ್ನೂ ಚಿಟಿಕೆ ಮೊಟ್ಟೆಸಿಪ್ಪೆ ಪುಡಿಯನ್ನೂ ಇಟ್ಟರೆ ಕವಚಕ್ಕೆ ಬೇಕಾದ ಸುಣ್ಣ ಸಿಕ್ಕಿತು. ಈ ಸುಣ್ಣದ ಲೆಕ್ಕದಲ್ಲಿ ಉಂಡೆಹುಳ ಬಹಳ ಜುಗ್ಗ. ಬೆಳೆಯುವಾಗ ಹಾವಿನಂತೆ ಇದೂ ಪೊರೆ ಕಳಚಬೇಕು. ಅದಕ್ಕೆ ಮುಂಚೆ ಹಳೆಯ ಕವಚದಲ್ಲಿದ್ದ ಸುಣ್ಣವನ್ನು ಹೀರಿಕೊಂಡು ಎದೆಯ ಅಡಿಯಲ್ಲಿ ಬಿಳಿ ಬಿಲ್ಲೆಗಳಾಗಿ ಕೂಡಿಡುತ್ತದೆ. ಆಮೇಲೆ ಮೊದಲು ಹಿಂದಿನ ಅರ್ಧ ಕಳಚುತ್ತದೆ. ಒಂದೆರಡು ದಿನ ಬಿಟ್ಟು ಮುಂದಿನ ಅರ್ಧ. ಪ್ಯಾಂಟು ಒಂದು ದಿನ, ಅಂಗಿ ಇನ್ನೊಂದು ದಿನ ಬದಲಾಯಿಸಿದ ಹಾಗೆ! ನಡುವಿನ ದಿನಗಳಲ್ಲಿ ಹುಳ ಎರಡು ಬಣ್ಣದ್ದಾಗಿ ಕಾಣುತ್ತದೆ. ಆಗ ಮೈ ಮೆತ್ತಗಿರುತ್ತದೆ, ಮುಟ್ಟಬೇಡಿ. ಕಳಚಿದ ಅಂಗಿಯನ್ನು ಬಿಸಾಡದೆ ತಿಂದುಬಿಡುತ್ತದೆ. ಸುಣ್ಣ ಮತ್ತೆ ಮೈಗೆ.

ಹುಳಗಳಲ್ಲಿ ಒಂದಕ್ಕೆ ನೀಲಿ ನೇರಳೆಯ ಹೊಳಪು ಬಂದರೆ ಹಿಗ್ಗಬೇಡಿ. ಅದಕ್ಕೆ ಒಂದು ಬಗೆಯ ವೈರಸ್ ತಗುಲಿದೆ. ಮೈಯೊಳಗೆ ವೈರಸ್ ಕಣಗಳು ಓರಣವಾಗಿ ಜೋಡಿಸಿಕೊಂಡು ಬೆಳಕನ್ನು ನೀಲಿಯಾಗಿ ಚದುರಿಸುತ್ತವೆ. ಮನುಷ್ಯರಿಗೆ ಅದು ಹತ್ತುವುದಿಲ್ಲ. ಆದರೆ ಆ ಹುಳ ಬದುಕುವುದಿಲ್ಲ, ಬೇರೆ ಡಬ್ಬಿಗೆ ಹಾಕಿ.

ಎಲ್ಲ ಸರಿಹೋದರೆ ಮಳೆಗಾಲದ ನಡುವೆ ಒಂದು ದಿನ ಹೆಣ್ಣುಹುಳವೊಂದರ ಹೊಟ್ಟೆಯ ಅಡಿ ಹಳದಿ ಬಿಳುಪಾಗಿ ಉಬ್ಬಿರುತ್ತದೆ. ಇದು ಮೊಟ್ಟೆಯನ್ನು ಮಣ್ಣಿನಲ್ಲಿಡುವುದಿಲ್ಲ. ಮುಂಗಾಲುಗಳ ಬುಡದಿಂದ ತೆಳುವಾದ ಎಲೆಗಳಂಥವು ಬೆಳೆದು, ಒಂದರ ಮೇಲೊಂದು ಕವಿದು, ಎದೆಯ ಕೆಳಗೆ ಚೀಲವಾಗುತ್ತದೆ. ಕಾಂಗರೂಗೆ ಇದ್ದಂತೆ. ಚೀಲದ ತುಂಬ ದ್ರವ. ಮೊಟ್ಟೆಗಳು ಆ ದ್ರವದಲ್ಲಿ ಬೆಳೆಯುತ್ತವೆ. ಏಡಿಯ ಮರಿಗೆ ಕೆರೆ ಬೇಕು, ಸೀಗಡಿಯ ಮರಿಗೆ ಕಡಲು ಬೇಕು. ಉಂಡೆಹುಳದ ತಾಯಿ ಆ ಕಡಲನ್ನೇ ಮಡಿಲಲ್ಲಿ ಕಟ್ಟಿಕೊಂಡು ಒಣನೆಲದ ಮೇಲೆ ತಿರುಗುತ್ತಾಳೆ. ದಡ ಹತ್ತಿ ಬಂದವರು ತಿರುಗಿ ನೀರಿಗೆ ಹೋಗದೆ ಬದುಕಿದ್ದು ಈ ಒಂದು ಚೀಲದ ಬಲದಿಂದ.

ಮೂರರಿಂದ ಐದು ವಾರ ಕಾಯಬೇಕು. ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಒಂದು ಬೆಳಗ್ಗೆ ತೊಗಟೆ ಎತ್ತಿದರೆ ಸಾಸಿವೆಗಿಂತ ಸಣ್ಣ, ಹಾಲಿನಷ್ಟು ಬಿಳಿಯ ಮರಿಗಳು ಹರಿದಾಡುತ್ತಿರುತ್ತವೆ. ಕೆಲವು ಜಾತಿಯಲ್ಲಿ ಹತ್ತಿಪ್ಪತ್ತು, ಕೆಲವದರಲ್ಲಿ ನೂರರ ಹತ್ತಿರ. ಭೂತಗನ್ನಡಿ ತನ್ನಿ, ಕಾಲು ಎಣಿಸಿ. 14 ಇರುವುದಿಲ್ಲ! ಆರೇ ಜೋಡಿ, ಅಂದರೆ 12. ಏಳನೇ ಜೋಡಿ ಬರುವುದು ಪೊರೆ ಕಳಚುತ್ತ ಬೆಳೆದ ಮೇಲೆ. ಹಲ್ಲು ಆಮೇಲೆ ಮೂಡುವ ಕೂಸುಗಳಂತೆ ಇವಕ್ಕೆ ಕಾಲೇ ಆಮೇಲೆ. ಮರಿಗಳಿಗೆಂದು ಬೇರೆ ಊಟ ಬೇಡ, ಚೆನ್ನಾಗಿ ಕೊಳೆತ ಎಲೆ ಕೈಗೆಟಕುವಂತಿದ್ದರೆ ಆಯಿತು. ಮುಚ್ಚಳ ಪದೇ ಪದೇ ತೆಗೆಯುವ ಚಪಲ ಮಾತ್ರ ಬಿಡಬೇಕು. ಸುಖವಾಗಿದ್ದರೆ ಒಂದು ಉಂಡೆಹುಳ ಎರಡು ಮೂರು ವರ್ಷ ಬದುಕುತ್ತದೆ.

ಡಬ್ಬಿ ನೋಡುತ್ತ ಕೂರುವುದು ಬೇಸರವಾದರೆ ಎರಡು ಆಟಗಳಿವೆ. ಒಂದು ತಟ್ಟೆಯ ಅರ್ಧಕ್ಕೆ ಒದ್ದೆ ಕಾಗದ, ಅರ್ಧಕ್ಕೆ ಒಣ ಕಾಗದ ಹಾಸಿ. ನಡುವೆ ಹತ್ತು ಹುಳ ಬಿಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ. ಕಾಲು ಗಂಟೆ ಬಿಟ್ಟು ಎಣಿಸಿ, ಹೆಚ್ಚಿನವು ಒದ್ದೆಯ ಕಡೆ ಇರುತ್ತವೆ. ಅವು ಒದ್ದೆಯನ್ನು ಹುಡುಕಿ ನೆಟ್ಟಗೆ ಹೋದವು ಎಂದುಕೊಳ್ಳಬೇಡಿ. ಮುಚ್ಚದೆ ನೋಡಿದರೆ ಗೊತ್ತಾಗುತ್ತದೆ, ಒಣ ಕಡೆ ಬಿರಬಿರನೆ ಓಡಾಡುತ್ತವೆ, ತೇವ ತಾಗಿದ ಕೂಡಲೇ ನಿಧಾನವಾಗುತ್ತವೆ, ನಿಲ್ಲುತ್ತವೆ. ಅಷ್ಟೇ ಉಪಾಯ. ದಾರಿ ಗೊತ್ತಿಲ್ಲದಿದ್ದರೂ ಮನೆ ಸೇರುತ್ತವೆ.

ಎರಡನೆಯದು ನನಗೆ ಇನ್ನೂ ಇಷ್ಟ. ರಟ್ಟಿನ ಪಟ್ಟಿಗಳಿಂದ ಬೆರಳಗಲದ ಓಣಿ ಕಟ್ಟಿ. ಓಣಿ ಮೊದಲು ಬಲಕ್ಕೆ ತಿರುಗಲಿ, ಬೇರೆ ದಾರಿ ಇಲ್ಲದಂತೆ. ಸ್ವಲ್ಪ ದೂರ ಹೋದ ಮೇಲೆ ಅದು ಎರಡು ಕವಲಾಗಲಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಹುಳವನ್ನು ಬಿಟ್ಟು ನೋಡಿ. ಬಲಕ್ಕೆ ತಿರುಗಿ ಬಂದ ಹುಳ ಕವಲಿನಲ್ಲಿ ಹೆಚ್ಚಾಗಿ ಎಡಕ್ಕೆ ಹೋಗುತ್ತದೆ. ಮೊದಲ ತಿರುವನ್ನು ಎಡಕ್ಕೆ ಮಾಡಿದರೆ ಆಮೇಲೆ ಬಲಕ್ಕೆ. ಒಂದು ಸಲ ನೋಡಿ ನಂಬಬೇಡಿ. 20 ಸಲ ಬಿಡಿ, ವಹಿಯಲ್ಲಿ ಗೆರೆ ಹಾಕುತ್ತ ಹೋಗಿ. ಹೀಗೇಕೆ? ಬಲಕ್ಕೆ ತಿರುಗುವಾಗ ಎಡಬದಿಯ ಕಾಲುಗಳು ಹೆಚ್ಚು ದೂರ ನಡೆಯಬೇಕು. ಆಮೇಲೆ ಅವು ಕೊಂಚ ಸುಧಾರಿಸಿಕೊಂಡು ಬಲಬದಿಯವು ಮುಂದಾಗುತ್ತವೆ, ಮೈ ಎಡಕ್ಕೆ ವಾಲುತ್ತದೆ ಎಂಬುದು ಒಂದು ವಿವರಣೆ. ಇದರ ಲಾಭವೂ ಉಂಟು. ಒಮ್ಮೆ ಬಲ, ಒಮ್ಮೆ ಎಡ ತಿರುಗುತ್ತ ಹೋದರೆ ಅಡ್ಡ ಸಿಕ್ಕ ಕಲ್ಲುಗಳನ್ನು ಬಳಸಿಯೂ ಹೊರಟ ಜಾಗದಿಂದ ನೆಟ್ಟಗೆ ದೂರ ಹೋಗಬಹುದು. ಬರೀ ಬಲಕ್ಕೇ ತಿರುಗಿದರೆ ಸುತ್ತು ಹಾಕಿ ಹಲ್ಲಿಯ ಬಾಯಿಗೇ ವಾಪಸು.

ಮರಿಗಳು ಹೆಚ್ಚಾಗಿ ಡಬ್ಬಿ ಸಾಲದಾದಾಗ, ಇಲ್ಲವೇ ನೀವು ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೊರಟಾಗ, ಇವನ್ನು ಎಲ್ಲಿಂದ ತಂದಿದ್ದಿರೋ ಅಲ್ಲೇ ಬಿಡಿ. ಸಂಜೆ ಹೊತ್ತು ಬಿಡಬೇಕು, ಕೋಳಿಗಳು ಗೂಡು ಸೇರಿದ ಮೇಲೆ. ಬಿಟ್ಟ ಜಾಗಕ್ಕೆ ಒಂದು ಚೊಂಬು ನೀರು ಚಿಮುಕಿಸಿ. ಎತ್ತಿದ ಫರ್ಸಿಯನ್ನು ಮೊದಲಿದ್ದ ಹಾಗೇ, ಅದೇ ಮಗ್ಗುಲಲ್ಲಿ ಮೆಲ್ಲಗೆ ಇಳಿಸಿ. ದೊಪ್ಪನೆ ಬಿಡಬೇಡಿ, ಕೆಳಗೆ ಮನೆಮಂದಿ ಇದ್ದಾರೆ.